ಆರೋಪ ಸೆನ್ಸರ್ ಮೇಲೆ, ತಪ್ಪು ಯಾರದು?

ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಹೊತ್ತಿಕೊಳ್ಳಲು ಮಾತ್ರ ಸತಾಯಿಸುತ್ತದೆ. ಘಾಟಿ ಹತ್ತುವಾಗ ಪಿಕಪ್ ಸಿಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಹಾಕಿ ಎರಡೇ ನಿಮಿಷದಲ್ಲಿ ತೀರ್ಪು ಬರುತ್ತದೆ: ‘ಪಿ0340 ಬಂದಿದೆ ಸಾರ್, ಕ್ಯಾಮ್ ಸೆನ್ಸರ್ ಹೋಗಿದೆ, ಚೇಂಜ್ ಮಾಡ್ಬೇಕು.’ ಹೊಸ ಸೆನ್ಸರ್ ಕೂರುತ್ತದೆ, ದೀಪ ಆರುತ್ತದೆ, ದುಡ್ಡು ಕೊಟ್ಟು ಮನೆಗೆ ಬರುತ್ತೀರಿ. ವಾರ ಕಳೆಯುವಷ್ಟರಲ್ಲಿ ಅದೇ ದೀಪ, ಅದೇ ಕೋಡ್.

ಸ್ಕ್ಯಾನರ್ ಸುಳ್ಳು ಹೇಳಿರುವುದಿಲ್ಲ. ಕ್ಯಾಮ್‌ಶಾಫ್ಟ್ ಪೊಸಿಷನ್ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ಏನೋ ತೊಂದರೆಯಿದೆ ಎನ್ನುವುದಷ್ಟೇ ಪಿ0340ರ ಮಾತು. ಆ ಸರ್ಕ್ಯೂಟಿನಲ್ಲಿ ಸೆನ್ಸರ್ ಇದೆ, ಅದರ ಕಪ್ಲರ್ ಇದೆ, ಎಂಜಿನ್ ಬಿಸಿಯಲ್ಲಿ ಬೇಯುವ ವೈರುಗಳಿವೆ, ಅರ್ತ್ ಇದೆ, ತುದಿಯಲ್ಲಿ ಇಸಿಯು ಎಂಬ ಕಂಪ್ಯೂಟರ್ ಇದೆ. ಎಫ್‌ಐಆರ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಕೋಡ್ ಕೂಡ ಅಂಥದೇ ಒಂದು ದೂರು. ದೂರು ಬಂದ ಮೇಲೆ ಆಗಬೇಕಾದದ್ದು ತನಿಖೆ. ಒಂದು ಮಲ್ಟಿಮೀಟರ್, ಸ್ವಲ್ಪ ತಾಳ್ಮೆ ಇದ್ದರೆ ತನಿಖೆಯ ಬಹುಪಾಲು ಮುಗಿಯುತ್ತದೆ. ಕಾರಿನ ಮಾಲೀಕರು ತಾವೇ ಸ್ಪ್ಯಾನರ್ ಹಿಡಿಯಬೇಕಿಲ್ಲ. ಆದರೆ ತನಿಖೆ ಹೇಗೆ ನಡೆಯಬೇಕು ಎಂಬುದು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಸರಿಯಾದ ಪ್ರಶ್ನೆ ಕೇಳಬಹುದು.

ಎರಡು ಸುತ್ತಿಗೆ ಒಂದು ಸುತ್ತು

ಕಾರಿನ ಎಂಜಿನ್ ಫೋರ್ ಸ್ಟ್ರೋಕ್. ಗಾಳಿ ಮತ್ತು ಇಂಧನ ಒಳಗೆಳೆದುಕೊಳ್ಳಬೇಕು, ಒತ್ತಬೇಕು, ಉರಿಸಬೇಕು, ಹೊಗೆಯನ್ನು ಹೊರಗೆ ತಳ್ಳಬೇಕು. ಈ ನಾಲ್ಕೂ ಮುಗಿಯಲು ಕೆಳಗಿರುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುತ್ತದೆ. ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಅಷ್ಟರಲ್ಲಿ ತಿರುಗುವುದು ಒಂದೇ ಸುತ್ತು. ಎರಡನ್ನೂ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಒಂದಕ್ಕೊಂದು ಕಟ್ಟಿಹಾಕಿರುತ್ತದೆ.

ತೊಡಕು ಇರುವುದು ಇಲ್ಲೇ. ನಾಲ್ಕು ಸ್ಟ್ರೋಕ್ ಮುಗಿಯುವಷ್ಟರಲ್ಲಿ ಪಿಸ್ಟನ್ ಎರಡು ಸಲ ತುತ್ತತುದಿಗೆ ಬರುತ್ತದೆ: ಒಮ್ಮೆ ಇಂಧನದ ಮಿಶ್ರಣವನ್ನು ಒತ್ತಿಕೊಂಡು, ಇನ್ನೊಮ್ಮೆ ಸುಟ್ಟ ಹೊಗೆಯನ್ನು ತಳ್ಳಿಕೊಂಡು. ಮೊದಲನೆಯ ಸಲ ಕಿಡಿ ಬೇಕು, ಎರಡನೆಯ ಸಲ ಬೇಡ. ಕ್ರ್ಯಾಂಕ್ ಸೆನ್ಸರ್‌ಗೆ ಎರಡೂ ಒಂದೇ ತರ ಕಾಣುತ್ತದೆ. ಯಾವುದು ಯಾವುದೆಂದು ಇಸಿಯುಗೆ ಹೇಳುವ ಕೆಲಸ ಕ್ಯಾಮ್ ಸೆನ್ಸರ್‌ನದು. ಆ ಸುದ್ದಿ ಸಿಕ್ಕಿದರೆ ಮಾತ್ರ ಯಾವ ಸಿಲಿಂಡರಿಗೆ ಯಾವಾಗ ಪೆಟ್ರೋಲ್ ಚಿಮ್ಮಿಸಬೇಕು, ಯಾವಾಗ ಕಿಡಿ ಕೊಡಬೇಕು ಎಂಬ ಲೆಕ್ಕ ಕೂಡುತ್ತದೆ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬ್ಯುರೇಟರ್ ಇದ್ದ ಮಾರುತಿ 800 ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕಿಡಿ ಹಂಚುತ್ತಿದ್ದ ಡಿಸ್ಟ್ರಿಬ್ಯೂಟರ್ ಕ್ಯಾಮ್‌ಶಾಫ್ಟಿನಿಂದಲೇ ತಿರುಗುತ್ತಿದ್ದ ಕಾರಣ ಲೆಕ್ಕ ತಾನಾಗಿ ಸರಿಹೋಗುತ್ತಿತ್ತು. ಡಿಸ್ಟ್ರಿಬ್ಯೂಟರ್ ಹೋಗಿ ಕಂಪ್ಯೂಟರ್ ಬಂದ ಮೇಲೆ, ಕ್ಯಾಮ್ ಎಲ್ಲಿದೆ ಎಂದು ನೋಡಿ ಹೇಳಲು ಒಬ್ಬರು ಬೇಕಾಯಿತು.

ಆ ಸುದ್ದಿ ನಿಂತಾಗ ಎಲ್ಲ ಗಾಡಿಗಳೂ ಒಂದೇ ತರ ವರ್ತಿಸುವುದಿಲ್ಲ. ಓಡುತ್ತಿರುವ ಎಂಜಿನ್ ಎಷ್ಟೋ ಕಾರುಗಳಲ್ಲಿ ಓಡುತ್ತಲೇ ಇರುತ್ತದೆ, ಏಕೆಂದರೆ ಒಮ್ಮೆ ಸಿಕ್ಕ ಲೆಕ್ಕವನ್ನು ಇಸಿಯು ಕ್ರ್ಯಾಂಕ್ ಸೆನ್ಸರ್ ನೆರವಿನಿಂದ ಮುಂದುವರಿಸಿಕೊಂಡು ಹೋಗುತ್ತದೆ. ಆಫ್ ಮಾಡಿ ಮತ್ತೆ ಸೆಲ್ಫ್ ಹೊಡೆದಾಗಲೇ ಕಷ್ಟ. ಕೆಲವು ಗಾಡಿಗಳು ಊಹಿಸಿ, ತಡವಾಗಿ ಸ್ಟಾರ್ಟ್ ಆಗುತ್ತವೆ. ಕೆಲವು ಆಗುವುದೇ ಇಲ್ಲ. ಇನ್ನು ಕೆಲವು ಲಿಂಪ್ ಮೋಡಿಗೆ ಹೋಗಿ ಆಕ್ಸಿಲರೇಟರ್ ತುಳಿದರೂ ತೆವಳುತ್ತವೆ. ಕಾಮನ್ ರೈಲ್ ಡೀಸೆಲ್ ಗಾಡಿಗಳಿಗೂ ಈ ಸಿಗ್ನಲ್ ಬೇಕು. ಇಲ್ಲದಿದ್ದರೆ ಯಾವ ಇಂಜೆಕ್ಟರ್ ಯಾವಾಗ ತೆರೆಯಬೇಕೆಂಬುದು ಅವಕ್ಕೂ ತಿಳಿಯುವುದಿಲ್ಲ.

ಕೋಡ್ ಅಳಿಸುವ ಮುನ್ನ

ಭಾರತದಲ್ಲಿ ಕಾರುಗಳಿಗೆ ಇಂಥ ಕೋಡ್ ದಾಖಲಿಸುವ ಒಬಿಡಿ ವ್ಯವಸ್ಥೆ ಬಿಎಸ್-4 ಹೊಗೆ ನಿಯಮಗಳ ಜತೆಗೆ 2010ರಿಂದ ಕಡ್ಡಾಯವಾಗುತ್ತ ಬಂತು. ಅದರ ಎರಡನೇ ಹಂತ ಬಂದದ್ದು 2013ರಲ್ಲಿ. ಸ್ಟೀರಿಂಗ್ ಕೆಳಗೆ ಇರುವ 16 ಪಿನ್ನಿನ ಸಾಕೆಟ್ ಅದರದೇ. ಅಲ್ಲಿಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಸಾಧನ, ಮೊಬೈಲಿನಲ್ಲಿ ಒಂದು ಆ್ಯಪ್ ಇದ್ದರೆ ಕೋಡನ್ನು ನೀವೇ ಓದಬಹುದು.

ಕ್ಯಾಮ್ ಸೆನ್ಸರಿನ ಹೆಸರು ಹೇಳುವ ಕೋಡ್ ಒಂದೇ ಅಲ್ಲ. ಪಿ0340 ಸರ್ಕ್ಯೂಟಿನ ಸಾಮಾನ್ಯ ದೂರು. ಸಿಗ್ನಲ್ ಬರುತ್ತಿದೆ, ಆದರೆ ಇರಬೇಕಾದಂತೆ ಇಲ್ಲ ಎಂದರೆ ಪಿ0341. ವೋಲ್ಟೇಜ್ ತೀರಾ ಕೆಳಗಿದ್ದರೆ ಪಿ0342, ತೀರಾ ಮೇಲಿದ್ದರೆ ಪಿ0343. ಬಂದು ಹೋಗಿ ಮಾಡುತ್ತಿದ್ದರೆ ಪಿ0344. ಕ್ಯಾಮ್ ಮತ್ತು ಕ್ರ್ಯಾಂಕ್ ಹೇಳುವುದು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದರೆ ಪಿ0016. ಕೊನೆಯ ಅಂಕಿ ನೋಡಿದರೇ ತನಿಖೆಯ ದಿಕ್ಕು ಬದಲಾಗುತ್ತದೆ. ಪಿ0342 ಬಂದರೆ ವೈರ್ ಎಲ್ಲೋ ಬಾಡಿಗೆ ತಾಗಿದೆಯೇ ಎಂದು ಹುಡುಕಬೇಕು, ಪಿ0344 ಬಂದರೆ ಕಪ್ಲರ್ ಸಡಿಲವೇ ಎಂದು. ಪಿ0016 ಬಂದರಂತೂ ಸೆನ್ಸರ್ ಬಿಟ್ಟು ಟೈಮಿಂಗ್ ಚೈನ್ ಕಡೆಗೆ ಕಣ್ಣು ಹಾಯಿಸಬೇಕು.

ಕೋಡ್ ಜತೆಗೆ ಫ್ರೀಜ್ ಫ್ರೇಮ್ ಎಂಬ ಇನ್ನೊಂದು ದಾಖಲೆ ಇರುತ್ತದೆ. ದೂರು ದಾಖಲಾದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ, ಎಷ್ಟು ವೇಗ ಎಂಬುದೆಲ್ಲ ಅದರಲ್ಲಿದೆ. ‘ಮೊದಲು ಕ್ಲಿಯರ್ ಮಾಡಿ ನೋಡೋಣ’ ಎಂದು ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಆದ್ದರಿಂದ ಅಳಿಸುವ ಮುಂಚೆ ಪರದೆಯ ಫೋಟೊ ತೆಗೆದುಕೊಳ್ಳಿ. ಬಿಸಿ ಎಂಜಿನ್, ಸೊನ್ನೆ ವೇಗ ಎಂದಿದ್ದರೆ ಅದು ಒಂದು ಕತೆ. ತಣ್ಣಗಿನ ಎಂಜಿನ್, ಸೆಲ್ಫ್ ಹೊಡೆಯುವ ಹೊತ್ತು ಎಂದಿದ್ದರೆ ಬೇರೆಯೇ ಕತೆ.

ಮೊದಲು ಕಣ್ಣು, ಆಮೇಲೆ ಮೀಟರ್

ಕ್ಯಾಮ್ ಸೆನ್ಸರ್ ಸಾಮಾನ್ಯವಾಗಿ ಎಂಜಿನ್ ಹೆಡ್ಡಿನ ಒಂದು ತುದಿಯಲ್ಲಿ ಅಥವಾ ಟಾಪೆಟ್ ಕವರಿನ ಮೇಲೆ ಒಂದೇ ಬೋಲ್ಟಿನಲ್ಲಿ ಕೂತಿರುತ್ತದೆ. ಬ್ಯಾಟರಿ ಟಾರ್ಚ್ ಹಿಡಿದು ಅದರ ವೈರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡುವುದು ಮೊದಲ ಕೆಲಸ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಕಡೆ ರಾತ್ರಿ ಬೆಚ್ಚಗಿನ ಬಾನೆಟ್ಟಿನೊಳಗೆ ಇಲಿ ಸೇರಿಕೊಂಡು ವೈರ್ ಕಡಿಯುವುದು ಹೊಸ ಸುದ್ದಿಯೇನಲ್ಲ. ಕಡಲ ಉಪ್ಪುಗಾಳಿ ಇರುವಲ್ಲಿ ಕಪ್ಲರ್ ಬಿಚ್ಚಿ ಪಿನ್ ನೋಡಿ: ಹಸಿರು ಕಿಲುಬು ಕಟ್ಟಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಟಾಪೆಟ್ ಕವರ್ ಪ್ಯಾಕಿಂಗ್ ಸೋರಿ ಕಪ್ಲರಿನೊಳಗೆ ಎಂಜಿನ್ ಆಯಿಲ್ ಇಳಿದಿದೆಯೇ, ಫಾಗ್ ಲ್ಯಾಂಪು, ಸ್ಟೀರಿಯೊ ಕೂಡಿಸುವಾಗ ಯಾರಾದರೂ ಎಂಜಿನ್ ವೈರಿಂಗಿಗೆ ಕೈಹಾಕಿ ಟೇಪ್ ಸುತ್ತಿದ್ದಾರೆಯೇ ಎಂಬುದನ್ನೂ ನೋಡಬೇಕು.

ನೋಡಿದ್ದಾದ ಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರಲಿ, ಬೆಲ್ಟು ಫ್ಯಾನುಗಳಿಂದ ಕೈ ದೂರವಿಟ್ಟು ವೈರನ್ನು ಅಲ್ಲಲ್ಲಿ ಮೆಲ್ಲಗೆ ಅಲ್ಲಾಡಿಸಿ. ಒಂದು ಜಾಗದಲ್ಲಿ ಎಂಜಿನ್ ತಡವರಿಸಿದರೆ ಅಥವಾ ಸ್ಕ್ಯಾನರಿನಲ್ಲಿ ಸಿಗ್ನಲ್ ಕಡಿದರೆ ತಪ್ಪು ವೈರಿನದು.

ಬ್ಯಾಟರಿಯನ್ನು ಮರೆಯಬಾರದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ ಸುಮಾರು 9.6ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಸೆನ್ಸರ್, ಇಸಿಯು ಎರಡೂ ತಬ್ಬಿಬ್ಬಾಗಬಹುದು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೂ ಹೀಗೇ ಆಗುತ್ತದೆ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡುವುದೂ ಒಳ್ಳೆಯದು. ಎಂಜಿನ್ ತಿರುಗುತ್ತಿದ್ದರೂ ಅದು ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ. ಇನ್ನೂರರ ಆಸುಪಾಸು ತೋರಿಸಿದರೆ ಕ್ರ್ಯಾಂಕ್ ಸಿಗ್ನಲ್ ಇದೆ ಎಂದು ತಿಳಿಯಬಹುದು.

ಮೂರು ವೈರು, ಮೂರು ಪ್ರಶ್ನೆ

ಈಗಿನ ಹೆಚ್ಚಿನ ಕಾರುಗಳಲ್ಲಿ ಇರುವುದು ಮೂರು ವೈರಿನ ಹಾಲ್ ಸೆನ್ಸರ್. ಕರೆಂಟ್ ಹರಿಯುತ್ತಿರುವ ತೆಳು ತಗಡನ್ನು ಅಯಸ್ಕಾಂತದ ಎದುರು ಇಟ್ಟರೆ ತಗಡಿನ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಎಂಬುದನ್ನು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಚಿನ್ನದ ಹಾಳೆ ಇಟ್ಟುಕೊಂಡು ಕಂಡುಹಿಡಿದ. ಅದೇ ತತ್ವ ಇಲ್ಲಿ ಬೆರಳು ಗಾತ್ರದ ಪ್ಲಾಸ್ಟಿಕ್ ತುಂಡಿನೊಳಗೆ ಕೂತಿದೆ. ಕ್ಯಾಮ್‌ಶಾಫ್ಟಿನ ಮೇಲಿರುವ ಚಕ್ರದ ಹಲ್ಲು ಎದುರು ಬಂದಾಗ, ಹೋದಾಗ ಸೆನ್ಸರಿನ ಔಟ್‌ಪುಟ್ ಮೇಲೆ ಕೆಳಗೆ ಆಗುತ್ತದೆ.

ಮೂರು ವೈರಿಗೂ ಒಂದೊಂದು ಪ್ರಶ್ನೆ ಕೇಳಬೇಕು. ಪವರ್ ಬರುತ್ತಿದೆಯೇ? ಇಗ್ನಿಷನ್ ಆನ್ ಮಾಡಿ ಅಳೆದರೆ 5 ವೋಲ್ಟ್ ಆಸುಪಾಸು, ಕೆಲವು ಗಾಡಿಗಳಲ್ಲಿ ಬ್ಯಾಟರಿಯ 12 ವೋಲ್ಟ್ ಸಿಗಬೇಕು. ಅರ್ತ್ ಸರಿಯಿದೆಯೇ? ಕಪ್ಲರ್ ಹಾಕಿರುವಾಗಲೇ ಅರ್ತ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದರೆ ಸಾಮಾನ್ಯವಾಗಿ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಮೂರನೆಯದು ಸಿಗ್ನಲ್ ವೈರ್. ಅನೇಕ ಗಾಡಿಗಳಲ್ಲಿ ಕಪ್ಲರ್ ಕಳಚಿ, ಇಸಿಯು ಕಡೆಯಿಂದ ಬರುವ ಆ ವೈರನ್ನು ಅಳೆದರೆ 5 ವೋಲ್ಟ್ ಕಾಣಬೇಕು. ಕಂಡರೆ ಇಸಿಯುವಿನಿಂದ ಕಪ್ಲರಿನವರೆಗೆ ದಾರಿ ಸರಿಯಿದೆ.

ಪವರ್ ವೈರಿನಲ್ಲಿ 5 ವೋಲ್ಟ್ ಇಲ್ಲದಿದ್ದರೆ ಕೂಡಲೇ ಇಸಿಯು ಹೋಯಿತು ಎಂದು ಬೆದರಬೇಕಿಲ್ಲ. ಇಸಿಯು ಆ 5 ವೋಲ್ಟನ್ನು ಬೇರೆ ಸೆನ್ಸರ್‌ಗಳಿಗೂ ಹಂಚಿರುತ್ತದೆ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಎಲ್ಲರ ಪಾಲೂ ಕುಸಿಯುತ್ತದೆ. ಒಂದೊಂದೇ ಸೆನ್ಸರಿನ ಕಪ್ಲರ್ ಕಳಚುತ್ತ ಹೋದರೆ, ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿತೋ ಅದೇ ಕಳ್ಳ. ಹೀಗಿರುವಲ್ಲಿ ಹೊಸ ಕ್ಯಾಮ್ ಸೆನ್ಸರ್ ಹಾಕಿ ಫಲವೇನು?

ಪವರ್, ಅರ್ತ್ ಸರಿಯಿದ್ದರೆ ಉಳಿದದ್ದು ಸೆನ್ಸರಿನ ಪರೀಕ್ಷೆ. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿದೆ, ಇಂಜೆಕ್ಟರ್ ಮತ್ತು ಕಾಯಿಲ್‌ಗೆ ಕರೆಂಟ್ ಕಡಿತಗೊಂಡಿದೆ. ಕಪ್ಲರ್ ಕಳಚದೆ ಅದರ ಹಿಂಬದಿಯಿಂದ ಸಿಗ್ನಲ್ ವೈರಿನ ಪಕ್ಕ ತೆಳು ಪಿನ್ ತೂರಿಸಿ ಮೀಟರ್ ಜೋಡಿಸುತ್ತಾರೆ. ಇಗ್ನಿಷನ್ ಆನ್. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಂಜಿನ್ ಎಂದಿನಂತೆ ತಿರುಗುವ ದಿಕ್ಕಿನಲ್ಲೇ ನಿಧಾನ ತಿರುಗಿಸುತ್ತಾರೆ. ಮೀಟರಿನಲ್ಲಿ 5 ಇದ್ದದ್ದು ಹಾಗೇ ನಿಂತಿರುತ್ತದೆ. ಸ್ಪ್ಯಾನರ್ ಇನ್ನಷ್ಟು ಸರಿದಾಗ ಥಟ್ಟನೆ ಸೊನ್ನೆಯ ಹತ್ತಿರ ಬೀಳುತ್ತದೆ. ಮತ್ತೆ ಸರಿದರೆ ಮತ್ತೆ 5. ನಡುವಿನ ಅಂಕಿಗಳಿಗೆ ಅಲ್ಲಿ ಜಾಗವಿಲ್ಲ. ಪುಲ್ಲಿ ಎರಡು ಸುತ್ತು ಪೂರ್ತಿ ತಿರುಗಿದರೂ ಅಂಕಿ ಕದಲದಿದ್ದರೆ, ಪವರ್ ಅರ್ತ್ ಎರಡೂ ಇದ್ದು ಸೆನ್ಸರ್ ಸುಮ್ಮನಿದ್ದರೆ, ಅದನ್ನು ಬಿಚ್ಚಿ ನೋಡುವ ಹೊತ್ತು ಬಂತು. ಚಕ್ರದ ಹಲ್ಲು ಮುರಿದಿಲ್ಲ, ಸೆನ್ಸರ್ ಸಡಿಲವಾಗಿ ಚಕ್ರದಿಂದ ದೂರ ನಿಂತಿಲ್ಲ ಎಂದು ಖಾತ್ರಿಯಾದರೆ ಆರೋಪ ಸಾಬೀತು.

ಎರಡು ವೈರಿನ ಸೆನ್ಸರ್ ಬೇರೆ ಜಾತಿಯದು. ಅದರೊಳಗೆ ಅಯಸ್ಕಾಂತಕ್ಕೆ ಸುತ್ತಿದ ತಂತಿಯ ಕಾಯಿಲ್ ಇದೆ. ಹೊರಗಿನ ಪವರ್ ಅದಕ್ಕೆ ಬೇಡ, ಹಲ್ಲು ಹಾದುಹೋದಾಗ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಎಂಜಿನ್ ವೇಗ ಹೆಚ್ಚಿದಷ್ಟೂ ಆ ವೋಲ್ಟೇಜ್ ಹೆಚ್ಚು. ಹೀಗಾಗಿ ಬ್ಯಾಟರಿ ಡೌನ್ ಆಗಿ ಸೆಲ್ಫ್ ನಿಧಾನವಾದಾಗ ಈ ಸಿಗ್ನಲ್ ಕ್ಷೀಣಿಸುತ್ತದೆ. ಕಾಯಿಲ್ ಸರಿಯಿದೆಯೇ ಎಂದು ನೋಡಲು ಓಮ್ಸ್‌ನಲ್ಲಿ ಅಳೆಯಬಹುದು. ಸರಿಯಾದ ಅಂಕಿ ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಮೂರು ವೈರಿನ ಹಾಲ್ ಸೆನ್ಸರನ್ನು ಓಮ್ಸ್‌ನಲ್ಲಿ ಅಳೆದು ‘ಡೆಡ್’ ಎನ್ನುವವರಿದ್ದಾರೆ. ಆ ಅಳತೆಗೆ ಅರ್ಥವಿಲ್ಲ.

ಎರಡು ಎಚ್ಚರಿಕೆ. ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಈ ವೈರುಗಳಿಗೆ ತಾಗಿಸಬಾರದು. ಅದು ಎಳೆಯುವ ಕರೆಂಟಿಗೆ ಸೆನ್ಸರ್ ಅಥವಾ ಇಸಿಯು ಕೆಡಬಹುದು. ವೈರಿನ ಮೇಲ್ಪದರಕ್ಕೆ ಸೂಜಿ ಚುಚ್ಚಿ ಅಳೆದರೆ ಆ ತೂತಿನಿಂದ ನೀರು ಇಳಿದು ಮುಂದಿನ ಮಳೆಗಾಲಕ್ಕೆ ಹೊಸ ರೋಗ ತಯಾರಾಗುತ್ತದೆ.

ಬಿಸಿಯಾದಾಗಷ್ಟೇ ಕೈಕೊಡುವುದು

ದೂರದ ಪ್ರಯಾಣದ ನಡುವೆ ಚಹಾಕ್ಕೆ ನಿಲ್ಲಿಸಿದ ಗಾಡಿ ಇಪ್ಪತ್ತು ನಿಮಿಷದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲದವರಂತೆ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಂತ ಕೂಡಲೇ ಕೂಲಂಟ್ ಹರಿಯುವುದೂ ಗಾಳಿ ಬೀಸುವುದೂ ನಿಲ್ಲುತ್ತದೆ. ಒಳಗಿನ ಕಾವು ಮೇಲೇರಿ, ಓಡುವಾಗ ಇದ್ದದ್ದಕ್ಕಿಂತ ಹೆಚ್ಚು ಬಿಸಿ ಸೆನ್ಸರಿಗೆ ತಟ್ಟುತ್ತದೆ. ಹಳತಾದ ಸೆನ್ಸರ್ ಈ ಹೊತ್ತಿನಲ್ಲಿ ಸೋಲುತ್ತದೆ. ಗ್ಯಾರೇಜ್ ತಲಪುವಷ್ಟರಲ್ಲಿ ತಣ್ಣಗಾಗಿ ಎಲ್ಲ ಅಳತೆಯಲ್ಲೂ ಪಾಸ್ ಆಗುತ್ತದೆ.

ಇಂಥದ್ದನ್ನು ಸೋತ ಹೊತ್ತಿನಲ್ಲೇ ಹಿಡಿಯಬೇಕು. ಗಾಡಿಯನ್ನು ಚೆನ್ನಾಗಿ ಓಡಿಸಿ ಬಂದು, ಗ್ಯಾರೇಜಿನಲ್ಲೇ ಬಾನೆಟ್ ಮುಚ್ಚಿ ಕಾದು, ಸ್ಟಾರ್ಟ್ ಆಗದಾಗ ಅದೇ ಮೂರು ಪ್ರಶ್ನೆ ಕೇಳಬೇಕು. ಪವರ್ ಇದೆ, ಅರ್ತ್ ಇದೆ, ಸಿಗ್ನಲ್ ಇಲ್ಲ ಎಂದಾದರೆ ಸೆನ್ಸರಿನ ಮೈಗೆ ಒದ್ದೆ ಬಟ್ಟೆ ಒತ್ತಿ ತಣಿಸುತ್ತಾರೆ, ಕಪ್ಲರಿಗೆ ನೀರು ಸೋಕದಂತೆ. ಸಿಗ್ನಲ್ ಮರಳಿದರೆ ಸಂಶಯಕ್ಕೆ ಎಡೆಯಿಲ್ಲ.

ಸೆನ್ಸರ್ ನಿಜ ಹೇಳುತ್ತಿದ್ದರೆ?

ದುಬಾರಿ ಎಡವಟ್ಟು ಆಗುವುದು ಈ ಜಾಗದಲ್ಲಿ. ಪಿ0341 ಅಥವಾ ಪಿ0016 ಬಂದಾಗ ಸೆನ್ಸರ್ ಕಂಡದ್ದನ್ನು ಕಂಡಂತೆ ಹೇಳುತ್ತಿರಬಹುದು: ಕ್ಯಾಮ್‌ಶಾಫ್ಟ್ ನಿಜವಾಗಿಯೂ ಇರಬೇಕಾದ ಜಾಗದಲ್ಲಿಲ್ಲ. ಟೈಮಿಂಗ್ ಚೈನ್ ಸವೆದು ಉದ್ದವಾಗಿರಬಹುದು, ಬೆಲ್ಟ್ ಒಂದು ಹಲ್ಲು ಹಾರಿರಬಹುದು, ಟೆನ್ಷನರ್ ಸೋತಿರಬಹುದು. ಕ್ಯಾಮ್ ಕೋನವನ್ನು ಆಯಿಲ್ ಒತ್ತಡದಿಂದ ಬದಲಿಸುವ ವಿವಿಟಿ ಇರುವ ಗಾಡಿಗಳಲ್ಲಿ, ಸಮಯಕ್ಕೆ ಆಯಿಲ್ ಬದಲಿಸದೆ ಮಡ್ಡಿ ಕಟ್ಟಿದ್ದರೂ ಹೀಗಾಗುತ್ತದೆ. ತಣ್ಣಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಚೈನ್ ಕಡೆಯಿಂದ ಗರಗರ ಶಬ್ದ ಬರುತ್ತಿದ್ದರೆ ಅದು ಗಂಭೀರ ಸುಳಿವು.

ಇದನ್ನು ಮೀಟರ್ ಹಿಡಿಯಲಾರದು. ಓಡುವ ಎಂಜಿನ್ನಿನ ಸಿಗ್ನಲ್ಲನ್ನು ಅದು ಸರಾಸರಿ ಮಾಡಿ ತೋರಿಸುತ್ತದೆ. ಇಲ್ಲಿ ಬೇಕಾದದ್ದು ಆಸಿಲೋಸ್ಕೋಪ್: ಕ್ಯಾಮ್ ಮತ್ತು ಕ್ರ್ಯಾಂಕ್ ಎರಡರ ಅಲೆಗಳನ್ನೂ ಒಂದರ ಕೆಳಗೊಂದು ಇಟ್ಟು ತೋರಿಸುತ್ತದೆ. ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲಿನ ಜಾಗವಿದ್ದು ಗುರುತಿಗಾಗಿ 2 ಹಲ್ಲು ಬಿಟ್ಟಿರುವುದು ಬಹಳ ಗಾಡಿಗಳಲ್ಲಿರುವ ಏರ್ಪಾಟು. ಒಂದು ಹಲ್ಲಿಗೆ 6 ಡಿಗ್ರಿ. ಕ್ಯಾಮ್‌ನ ಟೈಮಿಂಗ್ ಪುಲ್ಲಿಗೆ 40 ಹಲ್ಲಿದೆ ಎಂದುಕೊಳ್ಳಿ. ಬೆಲ್ಟ್ ಒಂದು ಹಲ್ಲು ಹಾರಿದರೆ ಕ್ಯಾಮ್ 9 ಡಿಗ್ರಿ ತಪ್ಪುತ್ತದೆ, ಕ್ರ್ಯಾಂಕ್ ಲೆಕ್ಕದಲ್ಲಿ ಅದು 18 ಡಿಗ್ರಿ. ಅಂದರೆ ಸ್ಕೋಪಿನ ಪರದೆಯ ಮೇಲೆ ಕ್ಯಾಮ್ ಗುರುತು ಸರಿಯಾಗಿ ಮೂರು ಹಲ್ಲು ಪಕ್ಕಕ್ಕೆ ಸರಿದು ಕಾಣುತ್ತದೆ. ಅದೇ ಮಾದರಿಯ ಸುಸ್ಥಿತಿಯ ಗಾಡಿಯ ಚಿತ್ರದೊಂದಿಗೆ ಹೋಲಿಸಿದರೆ ಎಂಜಿನ್ ಬಿಚ್ಚದೆಯೇ ಗೊತ್ತಾಗುತ್ತದೆ.

ಈ ಸ್ಥಿತಿಯಲ್ಲಿ ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ ಓಡಿಸುವುದು ಅಪಾಯ. ಅನೇಕ ಎಂಜಿನ್ನುಗಳಲ್ಲಿ ಬೆಲ್ಟು ಇನ್ನಷ್ಟು ಜಾರಿದರೆ ತೆರೆದ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಆಮೇಲಿನ ಖರ್ಚಿನ ಮುಂದೆ ಸೆನ್ಸರಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಬದಲಿಸಲೇಬೇಕಾದರೆ

ತನಿಖೆ ಮುಗಿದು ಸೆನ್ಸರೇ ಕೆಟ್ಟಿದೆ ಎಂದಾದರೆ ಬದಲಿಸುವುದು ಬಹುತೇಕ ಗಾಡಿಗಳಲ್ಲಿ ಒಂದು ಬೋಲ್ಟಿನ ಕೆಲಸ. ಹಳೆಯದರ ಮೇಲಿರುವ ಪಾರ್ಟ್ ನಂಬರ್ ನೋಡಿ ಅದೇ ತರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ರೂಪದ ಸೆನ್ಸರ್ ಹಲವು ಬೆಲೆಗೆ ಸಿಗುತ್ತದೆ. ತೀರಾ ಅಗ್ಗದ್ದು ಬಿಸಿಗೆ ಬೇಗ ಸೋತರೆ ತನಿಖೆ ಮತ್ತೆ ಮೊದಲಿನಿಂದ. ಹೊಸ ಓ-ರಿಂಗಿಗೆ ಚೂರು ಎಂಜಿನ್ ಆಯಿಲ್ ಸವರಿ ಸೆನ್ಸರನ್ನು ಪೂರ್ತಿ ಕೂರಿಸಬೇಕು. ಹಳೆಯ ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಅಂಟಿದ್ದರೆ, ಅದು ಎಂಜಿನ್ನೊಳಗೆ ಏನೋ ಸವೆಯುತ್ತಿರುವುದರ ಗುರುತು. ಆಮೇಲೆ ಕೋಡ್ ಅಳಿಸಿ, ಗಾಡಿಯನ್ನು ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ, ಇನ್ನೊಮ್ಮೆ ಸ್ಕ್ಯಾನ್ ಹಾಕಿಸಿ. ದೂರು ಮತ್ತೆ ದಾಖಲಾಗಿಲ್ಲ ಎಂದರೆ ಮಾತ್ರ ಕೆಲಸ ಮುಗಿದಂತೆ.

ಯಾರಾದರೂ ಸೆನ್ಸರ್ ಹೋಗಿದೆ ಎಂದರೆ ವಾದಕ್ಕಿಳಿಯಬೇಡಿ. ‘ಪವರ್ ಎಷ್ಟು ಬಂತು? ಅರ್ತ್ ಎಷ್ಟು? ಸಿಗ್ನಲ್ ಏನು ತೋರಿಸಿತು?’ ಎಂದಷ್ಟೇ ಕೇಳಿ. ಮೂರಕ್ಕೂ ಅಂಕಿಯಲ್ಲಿ ಉತ್ತರ ಬಂದರೆ ಧೈರ್ಯವಾಗಿ ದುಡ್ಡು ಕೊಡಿ. ಒಳ್ಳೆಯ ಮೆಕ್ಯಾನಿಕ್ ಸಿಕ್ಕಿದ್ದಾರೆ. ಉತ್ತರದ ಬದಲು ‘ಸ್ಕ್ಯಾನರ್ ಹೇಳ್ತಿದೆ ಸಾರ್’ ಎಂದರೆ ಇನ್ನೂ ಯಾರೂ ಅಳೆದಿಲ್ಲ. ಆ ಅಳತೆಗೆ ಕೂಲಿ ಎಷ್ಟು ಎಂದು ಕೇಳಿ, ಮೊದಲು ಅದನ್ನೇ ಮಾಡಿಸಿ.